ಹೊಡೆದು ಹಾಕಿದ ಎರಡು ವಾಕ್ಯ

ನಮ್ಮ ಶಾಲೆಯ ಎಂಟನೇ ತರಗತಿಗೂ ಒಂಬತ್ತನೇ ತರಗತಿಗೂ ನಡುವೆ ಇರುವುದು ಹೆಸರಿಗೆ ಮಾತ್ರ ಗೋಡೆ. ಮೊದಲು ಅದು ಒಂದೇ ದೊಡ್ಡ ಕೋಣೆಯಾಗಿತ್ತಂತೆ. ಮಕ್ಕಳು ಹೆಚ್ಚಾದಾಗ ಯಾರೋ ಪುಣ್ಯಾತ್ಮರು ನಡುವೆ ಹಲಗೆ ಹೊಡೆಸಿ, ಮರ ಸಾಲದೆ ಬಂತೋ ಏನೋ, ಮೇಲೆ ಎರಡು ಅಡಿ ಹಾಗೇ ಬಿಟ್ಟುಬಿಟ್ಟರು. ಆ ಎರಡು ಅಡಿಯಿಂದಾಗಿ ಹದಿನಾಲ್ಕು ವರ್ಷಗಳಿಂದ ನನಗೆ ತಲೆ ಚಿಟ್ಟು ಹಿಡಿದಿದೆ. ನಾನು ಲೆಕ್ಕದ ಮೇಷ್ಟ್ರು. ಶುಕ್ರವಾರದ ಕೊನೆಯ ಪೀರಿಯಡ್ಡಿನಲ್ಲಿ ಒಂಬತ್ತನೆಯವರಿಗೆ ಬೀಜಗಣಿತ ಹೇಳಿಕೊಡುತ್ತಿದ್ದರೆ ಆಚೆಯಿಂದ ಎಂಟನೆಯವರ ಭಾಷಣ ತೇಲಿ ಬರುತ್ತದೆ. ಎಕ್ಸ್ ಎಷ್ಟು ಎಂದು ನಾನು ಕೇಳುತ್ತೇನೆ. ನನ್ನ ಮಕ್ಕಳ ಕಿವಿಯೆಲ್ಲ ಸೈಕಲ್ ಚೈನು ಕಳಚಿದರೆ ಏನು ಮಾಡಬೇಕು ಎಂಬ ಕಡೆ ಇರುತ್ತದೆ.

ಆ ಭಾಷಣಗಳನ್ನು ಮಾಡಿಸುವವರು ನಮ್ಮ ಭಾಷಾ ಶಿಕ್ಷಕಿ. ಮಕ್ಕಳ ಬಾಯಲ್ಲಿ ಅವರು ‘ಮೂರು ನಿಮಿಷದ ಮೇಡಂ’. ಮೂವತ್ತೊಂದು ವರ್ಷಗಳಿಂದ ಪ್ರತಿ ಶುಕ್ರವಾರ ಐದು ಮಕ್ಕಳನ್ನು ನಿಲ್ಲಿಸಿ, ತಲೆಗೆ ಮೂರು ನಿಮಿಷದಂತೆ ಮಾತಾಡಿಸುತ್ತಾ ಬಂದಿದ್ದಾರೆ. ಮೇಜಿನ ಮೇಲೆ ಒಂದು ಅಲಾರಾಂ ಗಡಿಯಾರ. ಅದು ಬಡಿದುಕೊಂಡರೆ ಮಾತಾಡುವವರು ಬೆಚ್ಚಿಬೀಳುತ್ತಾರೆಂದು ಅದಕ್ಕೆ ಕರವಸ್ತ್ರ ಸುತ್ತಿಟ್ಟಿರುತ್ತಾರೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ಪಾದ ಬರೆದಿರುತ್ತದೆ. ಮಾತಾಡುವವರು ಅದರ ಮೇಲೆ ನಿಲ್ಲಬೇಕು, ಅತ್ತಿತ್ತ ತೂಗಾಡಬಾರದು. ಕೈ ನಡುಗುವವರಿಗೆ ಹಿಡಿದುಕೊಳ್ಳಲು ಡಸ್ಟರ್ ಕೊಡುತ್ತಾರೆ. “ಕೈಗೊಂದು ಕೆಲಸ ಸಿಕ್ರೆ ಬಾಯಿ ತನ್ನ ಪಾಡಿಗೆ ತಾನು ಮಾತಾಡುತ್ತೆ” ಎನ್ನುವುದು ಅವರ ಲೆಕ್ಕಾಚಾರ. ಪರಿಸರ, ದೇಶಪ್ರೇಮ, ಸಮಯದ ಮಹತ್ವ ಇವೆಲ್ಲ ಅವರ ತರಗತಿಯಲ್ಲಿ ನಿಷಿದ್ಧ. ನಿನ್ನ ಕೈಯಾರೆ ದಿನಾ ಏನು ಮಾಡುತ್ತೀಯೋ ಅದನ್ನು ಹೇಳು, ಅಷ್ಟೇ.

ಇನ್ನೊಂದು ನಿಯಮವಿತ್ತು. ಬುಧವಾರ ಮಕ್ಕಳು ಭಾಷಣ ಬರೆದು ತಂದುಕೊಡಬೇಕು. ಮೇಡಂ ಕೆಂಪು ಪೆನ್ನು ತೆಗೆದು ಮೊದಲ ಎರಡು ವಾಕ್ಯಗಳನ್ನು ಸರ್‍ರನೆ ಹೊಡೆದು ಹಾಕಿ, ಆಮೇಲೆ ಓದಲು ಶುರುಮಾಡುತ್ತಿದ್ದರು. ಯಾಕೆ ಎಂದು ಒಮ್ಮೆ ಸ್ಟಾಫ್ ರೂಮಿನಲ್ಲಿ ಕೇಳಿದ್ದೆ.

“ಚಿಕ್ಕೋಳಿದ್ದಾಗ ನಮ್ಮ ಮಾವ ನನಗೊಂದು ಭಾಷಣ ಬರ್ಕೊಟ್ಟಿದ್ರು ಸಾರ್. ವೇದಿಕೆ ಮೇಲೆ ಕೂತೋರಿಗೆ, ಕೆಳಗೆ ಕೂತೋರಿಗೆ, ಹಿಂದೆ ನಿಂತೋರಿಗೆ, ಎಲ್ಲರಿಗೂ ವಂದನೆ ಹೇಳಿ ಮುಗಿಸೋ ಹೊತ್ತಿಗೆ ಬೆಲ್ ಹೊಡೀತು. ವಿಷಯ ಇನ್ನೂ ನನ್ನ ಹೊಟ್ಟೇಲೇ ಇದೆ,” ಎಂದು ನಕ್ಕಿದ್ದರು. “ಈಗ ಮನೇಲಿ ಅಕ್ಕ ಇದಾಳೆ, ಕಿವಿ ದೂರ. ಏನೇ ಹೇಳ್ಬೇಕಾದ್ರೂ ಕೂಗಿ ಹೇಳ್ಬೇಕು. ಕೂಗಿ ಹೇಳುವಾಗ ಯಾರಾದ್ರೂ ಪೀಠಿಕೆ ಹಾಕ್ತಾರಾ, ನೀವೇ ಹೇಳಿ.”

ಅಕ್ಕ ತಂಗಿ ಇಬ್ಬರೇ ಎರಡು ಕೋಣೆಯ ಮನೆಯಲ್ಲಿದ್ದರು. ಮೇಡಂ ಮದುವೆಯ ಗೋಜಿಗೆ ಹೋಗಲಿಲ್ಲ. ನಿವೃತ್ತಿಗೆ ಇನ್ನು ಎರಡು ವರ್ಷ. ಸಿಟ್ಟೆಂಬುದನ್ನು ನಾನು ಅವರ ಮುಖದಲ್ಲಿ ಕಂಡಿದ್ದೇ ಕಡಿಮೆ. ನನ್ನದಾದರೋ ಯಾವಾಗಲೂ ಮೂಗಿನ ತುದಿಯಲ್ಲೇ. ಈ ವರ್ಷ ಶಾಲೆ ಶುರುವಾದಾಗ, ಹಲಗೆಯ ಮೇಲಿನ ಆ ಎರಡು ಅಡಿಯನ್ನು ಮುಚ್ಚಿಸಿಕೊಡಿ ಎಂದು ಹೆಡ್‌ಮಾಸ್ಟರಿಗೆ ಒಂದು ಅರ್ಜಿಯನ್ನೂ ಬರೆದುಕೊಟ್ಟಿದ್ದೆ. ಬಡಗಿ ಬಂದು ಅಳತೆ ತೆಗೆದುಕೊಂಡು ಹೋಗಿದ್ದ.

ಎಂಟನೇ ತರಗತಿಗೆ ಈ ವರ್ಷ ಹೊಸದಾಗಿ ಒಬ್ಬಳು ಹುಡುಗಿ ಸೇರಿದ್ದಳು. ಶಾಲೆಯ ಗೇಟಿನ ಎದುರು ಅಂಗಡಿ ಇಟ್ಟುಕೊಂಡು ನಮ್ಮ ಮಕ್ಕಳ ಯೂನಿಫಾರಂ ಹೊಲಿಯುವ ಟೈಲರ್ ಇದ್ದಾರಲ್ಲ, ಅವರ ಮಗಳು. ಅಂಗಡಿಯ ಹಿಂದೆಯೇ ಮನೆ. ಎಂಟನೆಯವರಿಗೆ ಬೆಳಿಗ್ಗೆ ಮೊದಲ ಪೀರಿಯಡ್ಡು ನನ್ನ ಲೆಕ್ಕದ್ದು. ಈ ಹುಡುಗಿ ದಿನಾ ಅದಕ್ಕೆ ಒಂಬತ್ತು ಹತ್ತು ನಿಮಿಷ ತಡ. ಊರಾಚೆಯಿಂದ ಎರಡು ಬಸ್ಸು ಬದಲಾಯಿಸಿ ಬರುವವರು ಬೆಲ್ಲಿಗೆ ಮೊದಲೇ ಕೂತಿರುತ್ತಾರೆ, ಇವಳಿಗೆ ರಸ್ತೆ ದಾಟಲು ಒಂಬತ್ತು ನಿಮಿಷ ಬೇಕೆ! ಮೊದಲ ದಿನ ಕಾರಣ ಕೇಳಿದೆ. ನೆಲ ನೋಡಿದಳು. ದುರಹಂಕಾರ ಎಂದುಕೊಂಡೆ, ಮತ್ತೆ ಕೇಳಲು ಹೋಗಲಿಲ್ಲ. ತಡವಾಗಿ ಬಂದವರು ಪೀರಿಯಡ್ ಮುಗಿಯುವ ತನಕ ಬಾಗಿಲಾಚೆ ನಿಂತೇ ಪಾಠ ಕೇಳಬೇಕೆಂಬುದು ನನ್ನ ಕಾನೂನು. ಎರಡು ತಿಂಗಳು ಅವಳು ಹೊಸ್ತಿಲಾಚೆ ನಿಂತೇ, ನೋಟ್‌ಬುಕ್ಕನ್ನು ಬಾಗಿಲ ಚೌಕಟ್ಟಿಗೆ ಒತ್ತಿ ಹಿಡಿದು ಲೆಕ್ಕ ಬರೆದಳು. ಪರೀಕ್ಷೆಯಲ್ಲಿ ಪೂರ್ತಿ ಅಂಕ ತೆಗೆದಳು. ಅದು ನನ್ನನ್ನು ಇನ್ನಷ್ಟು ರೇಗಿಸಿತು.

ಒಂದು ಶುಕ್ರವಾರ ಅವಳ ಸರದಿ ಬಂತು. ಹಲಗೆಯಾಚೆಯಿಂದ ಸಣ್ಣ ದನಿಯೊಂದು ಕೇಳಿಸಿತು.

“ದಾರದ ತುದಿಯನ್ನು ಓರೆಯಾಗಿ ಕತ್ತರಿಸಬೇಕು. ಒದ್ದೆ ಮಾಡಬೇಕು. ಸೂಜಿಯನ್ನು ದಾರದ ಹತ್ತಿರ ತರಬೇಕೇ ಹೊರತು ದಾರವನ್ನು ಸೂಜಿಯ ಹತ್ತಿರ ಒಯ್ಯಬಾರದು…”

ಮತ್ತೆ ತೆಳು ಬಟ್ಟೆಗೆ ಯಾವ ಸೂಜಿ, ದಪ್ಪ ಬಟ್ಟೆಗೆ ಯಾವುದು, ಇಪ್ಪತ್ತನಾಲ್ಕು ಸೂಜಿಗಳನ್ನು ಬಣ್ಣದ ಪ್ರಕಾರ ಹೇಗೆ ಚುಚ್ಚಿಡಬೇಕು ಎಂದೆಲ್ಲ ಹೇಳಿ ಥಟ್ಟನೆ ನಿಲ್ಲಿಸಿದಳು. ಕರವಸ್ತ್ರದೊಳಗಿನ ಗಡಿಯಾರ ಇನ್ನೂ ಸದ್ದು ಮಾಡಿರಲಿಲ್ಲ. “ಒಂದು ಸೂಜಿಗೆ ದಾರ ಹಾಕೋಕೆ ಇಷ್ಟೊಂದು ಭಾಷಣನಾ? ಇಪ್ಪತ್ತನಾಲ್ಕು ಯಾಕೆ?” ಎಂದು ಯಾರೋ ಅಂದರು, ತರಗತಿ ನಕ್ಕಿತು. ಈಚೆ ನಾನೂ ನಕ್ಕೆ. ಒಂಬತ್ತನೆಯವರ ಎದುರಿಗೇ, ಗಟ್ಟಿಯಾಗಿ. ಆ ನಗು ಆಚೆಗೂ ಕೇಳಿಸಿರಲೇಬೇಕು.

ಶಾಲೆ ಬಿಟ್ಟ ಮೇಲೆ ಮೇಡಂ ಸ್ಟಾಫ್ ರೂಮಿಗೆ ಬಂದವರು ನನ್ನ ಮುಂದೆ ಒಂದು ಹಾಳೆ ಇಟ್ಟು ಪಕ್ಕದ ಕುರ್ಚಿಯಲ್ಲಿ ಕುಸಿದು ಕೂತರು.

“ಒಂದೂಕಾಲು ನಿಮಿಷಕ್ಕೇ ಮುಗಿದುಹೋಯ್ತಲ್ಲ, ಯಾಕಿರಬಹುದು ಅಂತ ಮತ್ತೆ ತೆಗೆದು ನೋಡ್ದೆ ಸಾರ್. ನಾನು ಹೊಡೆದಿದ್ದನ್ನ ಓದಿ.”

ಕೆಂಪು ಗೆರೆಯ ಕೆಳಗಿನ ಅಕ್ಷರ ಓದುವುದು ಕಷ್ಟವೇನಾಗಲಿಲ್ಲ. ‘ನಮ್ಮ ಅಪ್ಪನಿಗೆ ಈಗ ಸೂಜಿಯ ಕಣ್ಣು ಕಾಣಿಸುವುದಿಲ್ಲ. ಅದಕ್ಕೇ ದಿನಾ ಬೆಳಿಗ್ಗೆ ಇಪ್ಪತ್ತನಾಲ್ಕು ಸೂಜಿಗಳಿಗೆ ದಾರ ಪೋಣಿಸಿಟ್ಟು ನಾನು ಶಾಲೆಗೆ ಬರುತ್ತೇನೆ, ಮೊದಲ ಪೀರಿಯಡ್ಡಿಗೆ ತಡವಾಗುತ್ತದೆ.’

ಇನ್ನೊಮ್ಮೆ ಓದಿದೆ. ಎಂಟನೇ ತರಗತಿಯವರಿಗೆ ಅವಳ ತಡದ ವಿಚಾರ ಯಾಕೆ ಬೇಕು? ಹಲಗೆಯ ಮೇಲೆ ಎರಡು ಅಡಿ ಖಾಲಿ ಇದೆ, ಆಚೆ ಲೆಕ್ಕದ ಮೇಷ್ಟ್ರು ಇರುತ್ತಾರೆ ಎಂಬುದು ಎಲ್ಲ ಮಕ್ಕಳಿಗೂ ಗೊತ್ತು. ನನ್ನ ಮುಖ ನೋಡಿ ಹೇಳಲಾಗದ್ದನ್ನು ಗೋಡೆಯ ಮೇಲಿಂದ ಹೇಳಲು ಅವಳು ದಾರಿ ಹುಡುಕಿಕೊಂಡಿದ್ದಳು.

“ಓದಿದ್ರೆ ಹೊಡೀತಿರ್ಲಿಲ್ಲ ಸಾರ್. ಓದದೇ ಹೊಡೆದೆ,” ಎಂದರು ಮೇಡಂ. “ಮೂವತ್ತೊಂದು ವರ್ಷ. ಇನ್ನೂ ಎಷ್ಟು ಮಕ್ಕಳದ್ದು ಹೀಗೆ ಹೊಡೆದಿದೀನೋ.”

ಅವರ ಕಣ್ಣು ತುಂಬಿತ್ತು. ಸಮಾಧಾನ ಹೇಳುವ ಕಲೆ ನನಗೆ ಬರುವುದಿಲ್ಲ. ನನಗೂ ನನ್ನ ಪಾಲಿನ ತಪ್ಪು ಇತ್ತಲ್ಲ, ಹಾಳೆಯನ್ನು ಮಡಿಸಿ ಅವರ ಕೈಗೆ ಕೊಟ್ಟೆ.

ಸೋಮವಾರ ಹುಡುಗಿ ಎಂದಿನಂತೆ ಒಂಬತ್ತು ನಿಮಿಷ ತಡವಾಗಿ ಬಂದು ಹೊಸ್ತಿಲಾಚೆ ನಿಂತಳು. ದೊಡ್ಡ ಮನಸ್ಸು ಮಾಡಿದವನಂತೆ ನಾನು “ಬಾಮ್ಮಾ, ಒಳಗೆ ಬಾ” ಅಂದೆ. ತರಗತಿಯೇ ತಿರುಗಿ ನೋಡಿತು. ಅವಳು ಅಲ್ಲಾಡಲಿಲ್ಲ. ನಾನೇ ಬಾಗಿಲಿಗೆ ಹೋದೆ.

“ಮೇಡಂ ನಿಮಗೆ ಹೇಳಿದ್ರಾ ಸಾರ್?” ಎಂದು ಮೆಲ್ಲಗೆ ಕೇಳಿದಳು.

“ಹೂಂ. ನಿನ್ನ ಹಾಳೆ ಓದ್ದೆ.”

ಅವಳ ಮುಖ ಕೆಂಪಾಯಿತು. “ನಾನೇ ಹೇಳ್ಬೇಕು ಅಂತಿದ್ದೆ ಸಾರ್. ನಾನು ಇನ್ನೂ ಹೇಳೇ ಇಲ್ಲ. ಇಲ್ಲೇ ನಿಂತ್ಕೋತೀನಿ.”

ನೋಟ್‌ಬುಕ್ಕನ್ನು ಚೌಕಟ್ಟಿಗೆ ಒತ್ತಿ ಹಿಡಿದುಕೊಂಡಳು. ಹದಿನಾಲ್ಕು ವರ್ಷದಲ್ಲಿ ನಾನು ಎಷ್ಟೋ ಮಕ್ಕಳನ್ನು ಹೊರಗೆ ನಿಲ್ಲಿಸಿದ್ದೇನೆ, ಒಳಗೆ ಕರೆದರೆ ಬರದವಳು ಇವಳೊಬ್ಬಳೇ. ಅವತ್ತಿನ ಪಾಠ ಹೇಗೋ ಮುಗಿಸಿದೆ. ವಾರವಿಡೀ ಅವಳು ಹೊರಗೇ ನಿಂತಳು, ನಾನು ಒಳಗೆ ಮುಳ್ಳಿನ ಮೇಲೆ ನಿಂತಂತೆ ನಿಂತೆ.

ಆ ಶುಕ್ರವಾರ ಹಲಗೆಯಾಚೆ ಗಡಿಯಾರಕ್ಕೆ ಕೀ ಕೊಟ್ಟ ಸದ್ದು ಕೇಳಿಸಿತು. ಆದರೆ ಮಾತಾಡಿದ್ದು ಮಕ್ಕಳಲ್ಲ, ಮೇಡಂ. ತಾವೇ ಸೀಮೆಸುಣ್ಣದ ಪಾದದ ಮೇಲೆ ನಿಂತಿದ್ದರು, ಕೈಯಲ್ಲಿ ಡಸ್ಟರ್ ಇತ್ತು ಎಂದು ಮಕ್ಕಳು ಆಮೇಲೆ ಹೇಳಿದರು. ನಡುಗುತ್ತಿದ್ದ ದನಿ ಮಾತ್ರ ನನಗೂ ಕೇಳಿಸಿತು.

“ನಾನು ದಿನಾ ಕೈಯಾರೆ ಮಾಡೋ ಕೆಲಸ ಕೆಂಪು ಪೆನ್ನಲ್ಲಿ ಗೆರೆ ಎಳೆಯೋದು. ನಿಮ್ಮೆಲ್ಲರ ಮೊದಲ ಎರಡು ವಾಕ್ಯ ಹೊಡೀತೀನಿ. ಓದಿ ಹೊಡೀತೀನಿ ಅಂತ ನೀವೆಲ್ಲ ಅಂದ್ಕೊಂಡಿದೀರಿ. ನಾನು ಓದ್ತಿರ್ಲಿಲ್ಲ. ಹೋದ ವಾರ ಒಬ್ಬರ ಭಾಷಣದ ಜೀವಾನೇ ಆ ಎರಡು ವಾಕ್ಯದಲ್ಲಿತ್ತು. ನಾನು ಅದನ್ನ ತೆಗೆದೆ, ನೀವು ನಕ್ಕಿರಿ. ತಪ್ಪು ನಿಮ್ಮದಲ್ಲ, ನಂದು. ಅವರ ಹತ್ರ ಕ್ಷಮೆ ಕೇಳ್ತೀನಿ. ಅವರು ಯಾವಾಗ ಬೇಕಾದ್ರೂ ಇಲ್ಲಿ ಬಂದು ನಿಂತ್ಕೋಬಹುದು. ನಿಂತ್ಕೊಳ್ಳದೇ ಇದ್ರೂ ಸರಿ.”

ಪೀರಿಯಡ್ ಮುಗಿದ ಮೇಲೆ ಹುಡುಗಿ ಮೇಡಂ ಬಳಿ ಹೋದಳಂತೆ. “ನಾನು ಅಪ್ಪನ್ನ ಕೇಳ್ದೇನೇ ಬರ್ದಿದ್ದೆ ಮೇಡಂ. ಗಿರಾಕಿಗಳಿಗೆ ಗೊತ್ತಾದ್ರೆ ಕೆಲಸ ಬರಲ್ಲ ಅಂತ ಅವರಿಗೆ ಭಯ. ನೀವು ಹೊಡೆದಿದ್ದೇ ಒಳ್ಳೇದಾಯ್ತೇನೋ ಅಂತಾನೂ ಅನ್ನಿಸ್ತು. ಈ ಸಲ ಕೇಳ್ಕೊಂಡು ಬರ್ತೀನಿ” ಎಂದಳಂತೆ.

ಆ ವಾರ ನಾನು ಟೈಲರ್ ಅಂಗಡಿಯ ಮುಂದೆ ಎರಡು ಸಲ ಹಾದುಹೋದೆ. ಒಳಗೆ ಹೋಗುವ ಧೈರ್ಯ ಬರಲಿಲ್ಲ. ಮೆಷಿನ್ನಿನ ಪಕ್ಕ ಬಟ್ಟೆ ತುಂಬಿದ ಪುಟ್ಟ ದಿಂಬು, ಅದರ ತುಂಬ ಸೂಜಿಗಳು, ಪ್ರತಿಯೊಂದಕ್ಕೂ ದಾರದ ಬಾಲ. ಟೈಲರ್ ನೋಡದೆಯೇ ಕೈ ಚಾಚಿ, ಸಾಲು ಎಣಿಸಿ, ಬೇಕಾದ ಬಣ್ಣದ ಸೂಜಿ ಕಿತ್ತುಕೊಂಡು ಗುಂಡಿ ಹೊಲಿಯುತ್ತಿದ್ದರು. ದಿನಾ ಗೇಟಿನಿಂದ ಕಾಣುವ ಅಂಗಡಿ ಅದು. ನಾನು ಅತ್ತ ನೋಡಿದ್ದು ಆ ವಾರವೇ.

ಮುಂದಿನ ಶುಕ್ರವಾರ ಆಚೆ ಅವಳ ದನಿ ಕೇಳಿಸಿದ್ದೇ ನಾನು ಸೀಮೆಸುಣ್ಣ ಕೆಳಗಿಟ್ಟೆ. ನನ್ನ ನಲವತ್ತು ಮಕ್ಕಳೂ ಪೆನ್ನು ಕೆಳಗಿಟ್ಟರು. ಅವರಿಗೆ ಹೇಳಬೇಕಾಗಲಿಲ್ಲ.

“ನಮ್ಮ ಅಪ್ಪನಿಗೆ ಈಗ ಸೂಜಿಯ ಕಣ್ಣು ಕಾಣಿಸುವುದಿಲ್ಲ. ಅದಕ್ಕೇ ದಿನಾ ಬೆಳಿಗ್ಗೆ ಇಪ್ಪತ್ತನಾಲ್ಕು ಸೂಜಿಗಳಿಗೆ ದಾರ ಪೋಣಿಸಿಟ್ಟು ನಾನು ಶಾಲೆಗೆ ಬರುತ್ತೇನೆ. ಹಿಂದಿನ ದಿನವೇ ಪೋಣಿಸಿಡಬಾರದಾ ಅಂತ ನೀವು ಕೇಳಬಹುದು. ಯಾವ ಬಟ್ಟೆ ಹೊಲಿಯಬೇಕು ಅಂತ ಅಪ್ಪ ನಿರ್ಧಾರ ಮಾಡುವುದೇ ಬೆಳಿಗ್ಗೆ, ಬಟ್ಟೆ ನೋಡದೆ ದಾರದ ಬಣ್ಣ ಗೊತ್ತಾಗುವುದಿಲ್ಲ. ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಆಗಬೇಕು. ಯೂನಿಫಾರಂ ಕೆಲಸ ಮುಗಿದ ಮೇಲೆ ಮಾಡಿಸಿಕೊಳ್ಳುತ್ತೇನೆ ಅಂತ ಅಪ್ಪ ಹೇಳಿದ್ದಾರೆ. ಇದನ್ನೆಲ್ಲ ಇಲ್ಲಿ ಹೇಳಲಾ ಅಂತ ಅಪ್ಪನನ್ನು ಕೇಳಿದೆ. ಹೇಳು, ಆದರೆ ನನ್ನ ಹೊಲಿಗೆ ಇನ್ನೂ ನೆಟ್ಟಗಿದೆ ಅಂತಾನೂ ಹೇಳು ಅಂದರು. ನೀವೇ ನಿಮ್ಮ ತೋಳಿನ ಅಂಚು ಮಡಿಸಿ ನೋಡಿಕೊಳ್ಳಿ.”

ಆಚೆ ಬೆಂಚುಗಳು ಕಿರುಗುಟ್ಟಿದವು. ಈಚೆ ನನ್ನ ಒಂಬತ್ತನೆಯವರೂ ತೋಳು ಮಡಿಸಿ ನೋಡತೊಡಗಿದರು. ಮೊದಲ ಬೆಂಚಿನವನ ತೋಳನ್ನು ನಾನೂ ಬಗ್ಗಿ ನೋಡಿದೆ. ಗೆರೆ ಎಳೆದಂತೆ ನೇರವಾದ ಹೊಲಿಗೆ.

“ಈ ಕೆಲಸದಿಂದ ನನಗೆ ಮೊದಲ ಪೀರಿಯಡ್ಡಿಗೆ ಒಂಬತ್ತು ನಿಮಿಷ ತಡವಾಗುತ್ತದೆ,” ಎಂದಿತು ದನಿ. ಸ್ವಲ್ಪ ತಡೆಯಿತು. ಆಮೇಲೆ ಬರೆದದ್ದನ್ನು ಬಿಟ್ಟು, ಹಲಗೆಯ ಕಡೆ ತಿರುಗಿರಬೇಕು, ಇನ್ನೂ ಗಟ್ಟಿಯಾಗಿ ಬಂತು: “ಲೆಕ್ಕದ ಸಾರ್‌ಗೆ ಇದು ಕೇಳಿಸ್ಬೇಕಿತ್ತು.”

ನಾನು ಹಲಗೆಯ ಹತ್ತಿರ ಹೋದೆ. ಮೇಲಿನ ಆ ಎರಡು ಅಡಿಯತ್ತ ಮುಖ ಎತ್ತಿ ಹೇಳಿದೆ: “ಕೇಳಿಸ್ತಮ್ಮಾ. ಸೋಮವಾರದಿಂದ ನೀನು ಬಂದ ಮೇಲೇ ಹೊಸ ಲೆಕ್ಕ ಶುರು ಮಾಡೋದು.”

ಆಚೆಯಿಂದ ಮೇಡಂ ಅವರ ದನಿ, ಮೂಗೊರೆಸಿಕೊಂಡೇ ಬಂತು.

“ಸಾರ್, ಅವಳಿಗೆ ಇನ್ನೂ ಒಂದೂವರೆ ನಿಮಿಷ ಇದೆ. ಮಧ್ಯೆ ಬಾಯಿ ಹಾಕ್ಬೇಡಿ.”

ಎರಡು ತರಗತಿಗಳೂ ಒಟ್ಟಿಗೆ ನಕ್ಕವು. ನಾನು ಕುರ್ಚಿ ಎಳೆದುಕೊಂಡು ಹಲಗೆಗೆ ಬೆನ್ನು ಆನಿಸಿ ಕೂತೆ. ಸಂಜೆ ಹೆಡ್‌ಮಾಸ್ಟರ ಬಳಿ ಹೋಗಿ ಅರ್ಜಿ ವಾಪಸು ಕೇಳಬೇಕು, ಬಡಗಿಗೂ ಹೇಳಿ ಕಳಿಸಬೇಕು ಎಂದುಕೊಂಡೆ. ಆಚೆ ಹುಡುಗಿ ಗಂಟಲು ಸರಿಮಾಡಿಕೊಂಡಳು.

“ದಾರದ ತುದಿಯನ್ನು ಓರೆಯಾಗಿ ಕತ್ತರಿಸಬೇಕು,” ಎಂದಳು. ಈ ಸಲ ಯಾರೂ ನಗಲಿಲ್ಲ. ನನ್ನ ನಲವತ್ತು ಮಕ್ಕಳಲ್ಲಿ ಕೆಲವರು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.