ತಾರ್ಲೆ ಎಣ್ಣೆಯ ಮೇಜು

ನೀತಾಳ ಬಗ್ಗೆ ಹೇಳುವುದಾದರೆ ಅವಳ ಕೈಯಿಂದಲೇ ಶುರು ಮಾಡಬೇಕು. ನನ್ನ ಮೊಮ್ಮಗ ಕಿಶನನನ್ನು ಮದುವೆಯಾಗಿ ಅವರ್ಸಾದ ನಮ್ಮ ಮನೆಗೆ ಬಂದ ದಿನ ಹುಡುಗಿಯ ಅಂಗೈ ಮುಟ್ಟಿ ಗಾಬರಿಯಾಗಿದ್ದೆ, ತೆಂಗಿನ ಸಿಪ್ಪೆಯ ಹಾಗೆ ಒರಟು. ಅವಳ ಅಪ್ಪ ಕಾರವಾರದಲ್ಲಿ ಮೇಜು, ಕಪಾಟುಗಳಿಗೆ ಪಾಲಿಶ್ ಹೊಡೆಯುವವರು. ಅವರ ಜೊತೆ ಉಜ್ಜಿ ಉಜ್ಜಿ ಹಾಗಾದದ್ದು. ಒಳ್ಳೆಯ ಮನುಷ್ಯ, ಬಂದರೆ ಚಹಾಕ್ಕೇ ಮನೆಯ ಸಕ್ಕರೆಯಷ್ಟೂ ಖಾಲಿ. ಇರಲಿ.

ನಮ್ಮ ಕೊಟ್ಟಿಗೆಯಲ್ಲಿ ಈಗ ದನವಿಲ್ಲ, ಹಲಗೆಗಳಿವೆ. ಸಾಮಿಲ್ಲಿನಿಂದ ಬರುವಾಗ ಮೈತುಂಬ ಗರಗಸದ ಗೆರೆ, ಹತ್ತಿರ ಹೋದರೆ ಸೀರೆ ಸಿಕ್ಕಿಕೊಳ್ಳುತ್ತದೆ. ನೀತಾ ಅವನ್ನು ಒಣಗಿಸಿ, ಕೀಸಿ, ದೊರಗು ಕಾಗದದಿಂದ ಶುರುಮಾಡಿ ನಯವಾದ ಕಾಗದದವರೆಗೆ ಉಜ್ಜುತ್ತಾಳೆ. ಇಷ್ಟು ದಿನ ಅಂಗಡಿಯವರಿಗೆ ಮಾಡಿಕೊಡುತ್ತಿದ್ದಳು, ಹೆಸರು ಅವರದು. ಬೆಳಂಬಾರದಲ್ಲಿ ಹೋಂಸ್ಟೇ ಕಟ್ಟಿಸಿದ ಉಮಾಮಹೇಶ್ವರ ಅವರು ಅಂಗಳಕ್ಕೊಂದು ಹಲಸಿನ ಮೇಜು ಬೇಕೆಂದು ನೇರ ಅವಳನ್ನೇ ಕೇಳಿದರು. ಇದು ಚೆಂದವಾದರೆ ಉಳಿದ ಮೇಜು, ಬೆಂಚುಗಳೂ ಅವಳಿಗೇ ಎಂದರು. ಹುಡುಗಿ ಊಟದ ಹೊತ್ತಿಗೂ ಕೊಟ್ಟಿಗೆಯಿಂದ ಏಳಲಿಲ್ಲ.

ಮೇಜಿನ ಹಲಗೆ ಕನ್ನಡಿಯಂತಾಯಿತು. ಇನ್ನು ಪಾಲಿಶ್ ಒಂದೇ ಬಾಕಿ ಎನ್ನುವಾಗ ನೀತಾ ತವರಿಗೆ ಹೋಗಿಬಂದಳು. ಬಂದು ನೋಡಿದರೆ ಹಲಗೆ ಕಪ್ಪಿಟ್ಟಿದೆ.

"ಎಂತಾ ಹಚ್ಚಿದ್ರಿ ಇದ್ಕೆ?"

"ತಾರ್ಲೆ ಎಣ್ಣೆ," ಎಂದ ಕಿಶನ. ಬೈತಖೋಲದ ಟ್ರಾಲರಿನಲ್ಲಿ ದುಡಿಯುವವನು, ಹೆಂಡತಿಗೆ ಸಹಾಯ ಮಾಡಿದೆನೆಂಬ ಖುಷಿ ಅವನಿಗೆ. "ಅಜ್ಜ ದೋಣಿಗೆ ಇದೇ ಹಚ್ತಿದ್ದ. ಇನ್ನು ಎಷ್ಟ್ ಮಳೆ ಬಂದ್ರೂ ಎಂತಾ ಆಗೂದಿಲ್ಲ."

"ಮೇಜನ್ನ ಸಮುದ್ರಕ್ಕೆ ಇಳಿಸೂಕೆ ಅದ್ಯಾ?"

ತಾರ್ಲೆ ಮೀನಿನ ಎಣ್ಣೆ ಬಳಿದ ಮೇಜಿನ ಮೇಲೆ ಬಂದವರು ಉಪ್ಪಿಟ್ಟು ತಿನ್ನುವುದು ಹೇಗೆ? ನೀತಾ ಅಳಲೂ ಇಲ್ಲ, ಬೈಯಲೂ ಇಲ್ಲ, ಮತ್ತೆ ಕೀಸಿದಳು. ಥಿನ್ನರಿನಲ್ಲಿ ಒರೆಸಿದಳು, ಬಿಸಿಲಿಗಿಟ್ಟಳು, ಮತ್ತೆ ಉಜ್ಜಿದಳು. ಕಿಶನ ಚಹಾ ಮಾಡಿ ತಂದಿಟ್ಟರೆ ಆ ಲೋಟ ಅಲ್ಲೇ ಆರುತ್ತಿತ್ತು.

ಆದರೆ ವಾಸನೆ ಹೋಯಿತೋ ಇಲ್ಲವೋ ತಿಳಿಯುವುದು ಹೇಗೆ? ನಮ್ಮದು ಹುಟ್ಟಿದಾಗಿನಿಂದ ಮೀನಿನ ನಡುವೆ ಬೆಳೆದ ಮೂಗು.

"ಅಜ್ಜಿ, ವಾಸ್ನೆ ಬತ್ತದ್ಯಾ?"

"ಇಲ್ಲ ಮಗಾ, ಮರದ್ ವಾಸ್ನೆ ಅಷ್ಟೇ."

"ನಿಮ್ಗೆ ಒಣ ಬಂಗ್ಡೆನೂ ಮಲ್ಲಿಗೆನೇ," ಎಂದು ಸಿಡುಕಿದಳು. ತನಗೂ ಗೊತ್ತಾಗುವುದಿಲ್ಲ ಎಂಬ ಸಿಟ್ಟು ಅದು. ತಾನು ಮಾಡಿದ ಕೆಲಸ ಸರಿಯಾಯಿತೋ ಎಂದು ಊರವರನ್ನು ಕೇಳಬೇಕು, ಅವರ ಮೂಗೂ ನಮ್ಮಂಥದ್ದೇ.

ಕೊನೆಗೆ ಶಾಲೆಯಲ್ಲಿ ಕಲಿಸುವ ನಾಗಶ್ರೀ ಅಕ್ಕೋರನ್ನು ಕರೆದಳು. ಅವರದು ಮೀನು ಮುಟ್ಟದ ಮನೆ. ಅಕ್ಕೋರು ಬಗ್ಗಿ ಮೂಸಿದರು, ಇನ್ನೊಂದು ಬದಿಗೆ ಹೋಗಿ ಮೂಸಿದರು, ಸಂಕೋಚದಿಂದ ನಕ್ಕರು.

"ಹೇಗೆ ಹೇಳಲಿ ನೀತಾ, ಬೇಜಾರು ಮಾಡ್ಕೋಬೇಡ. ನಿಮ್ಮ ಅಂಗಳವೇ ವಾಸನೆ ಹೊಡೀತದೆ. ಅದು ಮೇಜಿನದೋ, ಮಾಡಿನ ಮೇಲೆ ಒಣಗಿಸಿದ್ದ ಮೀನಿನದೋ ಗೊತ್ತಾಗೋದಿಲ್ಲ."

ಹಾಗಾಗಿ ಮೇಜು ಟೆಂಪೋ ಹತ್ತಿ ಅಂಕೋಲೆ ಪೇಟೆಯ ಅಕ್ಕೋರ ಮನೆಗೆ ಹೊರಟಿತು. ಕಿಶನನ ಜೊತೆ ನಾನೂ ಹತ್ತಿದೆ. ಮೇಜನ್ನು ಮೂಸಿಸಲು ಊರಿಂದೂರಿಗೆ ಒಯ್ದವರು ನಾವೇ ಇರಬೇಕು. ಅಂಗಳದ ಬಿಸಿಲಿನಲ್ಲಿಟ್ಟು, ಹಲಗೆ ಕಾದರೆ ವಾಸನೆ ಏಳಬಹುದೆಂದು ಒಳಗೆ ಕೂತೆವು. ಅಕ್ಕೋರು ಕೊಟ್ಟ ಅವಲಕ್ಕಿಯನ್ನು ನೀತಾ ಮುಟ್ಟಲಿಲ್ಲ.

ಅಕ್ಕೋರು ಹೊರಗೆ ಹೋದವರು, "ಅಯ್ಯೋ, ಇಲ್ಲಿ ಬನ್ನಿ" ಎಂದು ಕರೆದರು. ಹಾಲು ಅನ್ನ ಬಿಟ್ಟು ಬೇರೇನೂ ಕಾಣದ ಅವರ ಮನೆಯ ಬೆಕ್ಕು ಮೇಜಿನ ಮೇಲೆ ಕೂತು ಒಂದು ಮೂಲೆಯನ್ನು ಕಣ್ಣುಮುಚ್ಚಿ ನೆಕ್ಕುತ್ತಿತ್ತು.

ನೀತಾ ಬಾಗಿಲಲ್ಲೇ ನಿಂತು ಬೆಕ್ಕನ್ನೇ ನೋಡಿದಳು.

"ಅಕ್ಕೋರೇ, ಬೇರೆ ಕಡೆ ನೆಕ್ಕಿತ್ತಾ?"

"ಇಲ್ಲ. ಸುತ್ತೆಲ್ಲ ಮೂಸಿ ಅಲ್ಲೇ ಕೂತ್ಕಂಡಿತು."

ನೀತಾ ಚೀಲದಿಂದ ಉಜ್ಜುವ ಕಾಗದ ತೆಗೆದು ಆ ಮೂಲೆಯ ಎದುರು ಕೂತಳು. ತಾನೂ ಉಜ್ಜುತ್ತೇನೆಂದು ಕಿಶನ ಕೈಚಾಚಿದ.

"ನೀವ್ ಮುಟ್ಬೇಡಿ," ಎಂದಳು ತಲೆ ಎತ್ತದೆ. "ಬೆಕ್ಕನ್ನ ಹಿಡ್ಕಂಡ್ ನಿಂತ್ಕಳಿ. ಉಜ್ಜಿ ಆದ್ಮೇಲೆ ಮತ್ತೆ ಬಿಡೂಕೆ ಬೇಕು."