ಅವ್ವನ ಗಿಲೀಟಿನ ಸರ ಮಾಡಿದವರು

ಭೂತಗನ್ನಡಿ ಒತ್ತಿ ಒತ್ತಿ ಅಕ್ಕಸಾಲಿಗ ಪತ್ತಾರ ಕಾಕಾನ ಬಲಗಣ್ಣಿನ ಸುತ್ತ ದುಂಡಗೆ ಕಪ್ಪು ಗೆರೆ ಬಿದ್ದಿತ್ತು. ಜಮಖಂಡಿಯ ಅವರ ಅಂಗಡಿಗೆ ಯಾರು ಯಾವ ಆಭರಣ ತಂದರೂ ಮೊದಲು ಅದನ್ನು ಮಗುಚಿ ಹಾಕುತ್ತಿದ್ದರು. "ಮಾರಿ ಆಮ್ಯಾಲೆ ನೋಡೂಣ್ರಿ, ಮೊದಲ ಬೆನ್ನು ತೋರಸ್ರಿ," ಎನ್ನುವುದು ಅವರ ಮಾತು.

ಅವ್ವ ತೀರಿಕೊಂಡ ಮೇಲೆ ಅವಳ ಗಿಲೀಟಿನ ಸರ ಹಿಡಿದುಕೊಂಡು ಬೀಳಗಿಯಿಂದ ಅವರಲ್ಲಿಗೆ ಹೋಗಿದ್ದೆ. ಹಿತ್ತಾಳೆಯ ಮೇಲೆ ಬಂಗಾರದ ನೀರು, ಕೆಂಪು ಗಾಜಿನ ಹರಳು. ಒಂದು ಹರಳು ಬಿದ್ದುಹೋಗಿತ್ತು. ಬಂಗಾರದ ಸರ ಬಂದ ಮೇಲೂ ಅವ್ವ ಇದನ್ನು ಬಿಟ್ಟಿರಲಿಲ್ಲ. ಯಾರು ಮಾಡಿದ್ದೆಂದು ಕೇಳಬೇಕೆಂದು ನನಗೆ ಹೊಳೆದದ್ದು ಅವಳು ಹೋದ ಮೇಲೆ.

ಕೊಂಡಿಯ ಒಳಗೆ ನವಿಲಿನ ಸಣ್ಣ ಮುದ್ರೆ ಕಂಡು ಕಾಕಾ ನಕ್ಕರು. "ಇದು ಮುಧೋಳದಾಗಿನ ನಮ್ಮ ಗುರುಗಳ ಅಂಗಡೀದು. ನಾ ಅಲ್ಲೇ ಕೆಲಸಾ ಕಲ್ತಾಂವ." ಆಮೇಲೆ ತಂತಿಯ ಹೆಣಿಗೆಯನ್ನು ಬೆರಳಿನಿಂದ ಸವರಿದರು. ನಗು ನಿಂತಿತು. ತಾವೇ ಒಂದು ತಂತಿ ತಿರುವಿ ಪಕ್ಕದಲ್ಲಿಟ್ಟರು. ಎರಡರ ಸುರುಳಿಯೂ ಒಂದಕ್ಕೊಂದು ಉಲ್ಟಾ.

"ತಂಗೀ, ಇದನ್ನ ತಿರುವಿದವರು ಎಡಚರು. ಗುರುಗಳು ಬಲಗೈಯವರು. ಹಂಗಾರ ಯಾರು?"

ಮುಂದಿನ ಭಾನುವಾರ ಅಂಗಡಿ ಮುಚ್ಚಿ, ನನ್ನನ್ನೂ ಕರೆದುಕೊಂಡು ಮುಧೋಳದ ಬಸ್ಸು ಹತ್ತಿದರು.

ಗುರುಗಳು ತೀರಿ ಬಹಳ ವರ್ಷವಾಗಿತ್ತು. ಅವರ ಮಗ ಸರ ನೋಡಿ, "ನಮ್ಮಪ್ಪಾರ ಕೈ ಅದು, ಮತ್ಯಾರದು?" ಎಂದ. ಪಡಸಾಲೆಯಲ್ಲಿ ಕುಳಿತಿದ್ದ ಅವನ ತಾಯಿ ಸರವನ್ನು ಕೈಗೆ ತೆಗೆದುಕೊಂಡರು. ಕಣ್ಣು ಮಂದವಾಗಿತ್ತು, ಎಡಗೈಯ ಹೆಬ್ಬೆರಳು ಮಾತ್ರ ಹೆಣಿಗೆಯುದ್ದಕ್ಕೂ ತಡೆಯಿಲ್ಲದೆ ಓಡಿತು.

"ಅಂಗಡಿ ಅವರದು. ಕೈ ನಂದು," ಎಂದರು. "ಅಡಗಿ ಆದಮ್ಯಾಲೆ ಒಳಗ ಕುಂತು ಮಾಡ್ತಿದ್ದೆ. ಹೆಂಗಸು ಮಾಡಿದ್ದು ಅಂದ್ರ ಗಿರಾಕಿ ಬರ್ತಾರೇನು?"

ಕಾಕಾ ಆ ಅಜ್ಜಿಯ ಪಾದಕ್ಕೆ ಹಣೆ ಹಚ್ಚಿದರು. "ಅವ್ವಾರ, ಎರಡ ವರ್ಷ ನಿಮ್ಮ ಕೈಯಾಗ ಉಂಡೇನಿ. ನಿಮ್ಮ ಕೆಲಸಾ ನೋಡಿ ಕಲ್ತು, ಹೆಸರು ಅವರದ ಹೇಳಕೋತ ಬಂದೇನಿ."

"ಈಗ ಹೇಳಪಾ, ಯಾರು ಬ್ಯಾಡ ಅಂದಾರ?" ಎಂದು ಅಜ್ಜಿ ನಕ್ಕರು.

ಕಾಕಾ ಹೇಳಿದರು. ಹರಳು ಕೂಡಿಸಲು ಬಂದವರು, ಬರೀ ಬೀಗದ ಕೈ ಕೇಳಲು ಬಂದ ಪಕ್ಕದಂಗಡಿಯವರು, ಎಲ್ಲರಿಗೂ ತಮ್ಮ ಗುರು ಇಬ್ಬರು ಎಂದು ಹೇಳಿ, ಆ ಅಜ್ಜಿಯ ಹೆಸರನ್ನೇ ಮೊದಲು ಎತ್ತುತ್ತಿದ್ದರು.

ಹೋದ ವರ್ಷ ಕಾಕಾ ತೀರಿಕೊಂಡರು. ಸುದ್ದಿ ತಿಳಿದು ನಾನು ಜಮಖಂಡಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೆಂಗಸರ ನಡುವೆ ಕುಳಿತಿದ್ದ ಅವರ ಸೊಸೆ, "ನಿಮಗ ಮಾವನೋರು ಏನಾಗಬೇಕ್ರಿ?" ಎಂದು ಕೇಳಿದಳು. ಏನೂ ಆಗಬೇಕಿಲ್ಲ ಎನ್ನಲು ಬಾಯಿ ಬರಲಿಲ್ಲ.

"ನಮ್ಮವ್ವನ ಸರ ಮಾಡಿದವರನ್ನ ಹುಡುಕಿಕೊಟ್ಟಾರ್ರಿ," ಎಂದೆ.

ಅವಳು ಸ್ವಲ್ಪ ಸರಿದು, ಮನೆಯವರ ಸಾಲಿನಲ್ಲಿ ನನಗೆ ಜಾಗ ಮಾಡಿಕೊಟ್ಟಳು.