ಅಂಜುವವರ ಕೈಯಲ್ಲಿ ಹಗ್ಗ

ನನ್ನ ಮೊಮ್ಮಗಳಿಗೆ ಈಸಲು ಬರುತ್ತದೆ. ಇದನ್ನು ನಾನು ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರಿಗೆ ಹೇಳಿದ್ದೇನೆ, ಗದಗಿನ ಸಂತೆಯಲ್ಲಿ ಮೆಣಸಿನಕಾಯಿ ಮಾರುವವಳಿಗೆ ಹೇಳಿದ್ದೇನೆ, ಬಳೆಗಾರ ಬಂದರೆ ಅವನು ಎರಡೂ ಕೈಗೆ ಬಳೆ ತೊಡಿಸಿ ಮುಗಿಸುವತನಕ ಅದನ್ನೇ ಹೇಳಿದ್ದೇನೆ. 'ಇನ್ನೇನ, ಡಂಗುರ ಒಂದು ಸಾರಿಸಿಬಿಡು' ಎಂದು ನಮ್ಮ ಮನೆಯವರು ನಗುತ್ತಾರೆ. ನಗಲಿ. ನಾನು ಕಲಿತದ್ದು ಕನ್ನಡ ಎರಡನೆಯ ಇಯತ್ತೆ. ಆದರೂ ಇದೊಂದನ್ನು ಬರೆದಿಡದೆ ನನಗೆ ಸಮಾಧಾನವಿಲ್ಲ.

ಅದು ಕನ್ನಡ ನಾಡು ಒಂದಾದ ಮೇಲೆ ಬಂದ ಮೊದಲ ಬೇಸಿಗೆ. ನಮ್ಮದು ಕಳಸಾಪುರ. ಮಗಳನ್ನು ಲಕ್ಷ್ಮೇಶ್ವರಕ್ಕೆ ಕೊಟ್ಟಾಗ ಆ ಊರು ಸಂಸ್ಥಾನದ್ದು, ನಮ್ಮ ಊರು ಮುಂಬಯಿ ಸರಕಾರದ್ದು. ಬೀಗರ ಮನೆಗೆ ಹೊರಟರೆ ದಾರಿಯ ಸುಂಕದ ನಾಕಾದಲ್ಲಿ ಬುತ್ತಿಯ ಗಂಟನ್ನೂ ಬಿಚ್ಚಿ ನೋಡುತ್ತಿದ್ದರು. ಈಗ ಆ ನಾಕಾದ ಕಟ್ಟೆಯ ಮೇಲೆ ಆಡುಗಳು ಮಲಗುತ್ತವೆ, ಬಸ್ಸು ನಿಲ್ಲದೆ ಹೋಗುತ್ತದೆ.

ಶಾಲೆಗೆ ಸೂಟಿ ಬಿಟ್ಟ ಕೂಡಲೇ ಮಗಳು ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಬರುತ್ತಿದ್ದಳು. ದೊಡ್ಡವಳಿಗೆ ಎಂಟು ವರ್ಷ, ಅವಳ ತಮ್ಮ ಇನ್ನೂ ಸಣ್ಣವನು. ನಮ್ಮಲ್ಲೇ ಇರುವ ಮಗನ ಹುಡುಗರು ಇಬ್ಬರು. ನಾಲ್ವರೂ ಸೇರಿದರೆ ಮನೆಯಲ್ಲಿ ಹಪ್ಪಳ ಒಣಗಲು ಬಿಡುತ್ತಿರಲಿಲ್ಲ, ಹಸಿಯದನ್ನೇ ಮುಕ್ಕುತ್ತಿದ್ದರು. ಹಾಗಾಗಿ ಬೆಳಗಾಗುತ್ತಲೇ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಕಟ್ಟಿಕೊಂಡು ನಾನು ಅವರನ್ನು ಹೊಲಕ್ಕೆ ಹೊಡೆದುಕೊಂಡು ಹೋಗುತ್ತಿದ್ದೆ. ನಮ್ಮ ಹೊಲದ ಬಾವಿಗೆ ಕಲ್ಲಿನ ಮೆಟ್ಟಿಲುಗಳಿವೆ. ಬೇಸಿಗೆಯಲ್ಲೂ ನೀರು ಬತ್ತುವುದಿಲ್ಲ. ಪಕ್ಕದಲ್ಲಿ ಬೇವಿನ ಗಿಡದ ನೆರಳು.

ಮಗನ ಹುಡುಗರಿಗೆ ಈಸು ಕಲಿಸಿದವಳು ನಾನೇ. ನನ್ನ ತವರು ಮುಂಡರಗಿ ದಾಟಿ ಇನ್ನೂ ಬಹಳ ಕೆಳಗೆ, ತುಂಗಭದ್ರೆಯ ಬಲದಂಡೆಯ ಮೇಲೆ. ಅಲ್ಲಿ ಹೆಣ್ಣು ಗಂಡು ಎನ್ನದೆ ಎಲ್ಲ ಮಕ್ಕಳೂ ಹೊಳೆಗೆ ಬೀಳುತ್ತಿದ್ದೆವು. ಆಚೆಯ ದಂಡೆ ಆಗ ನಿಜಾಮನದು. ಅದನ್ನು ಮುಟ್ಟಿ ಬಂದವರೇ ನಮ್ಮಲ್ಲಿ ಶೂರರು.

ಆದರೆ ಮಗಳ ಮಕ್ಕಳು ನೀರಿಗೆ ಇಳಿಯುವಂತಿರಲಿಲ್ಲ. ಅಳಿಯ ಹುಡುಗನಾಗಿದ್ದಾಗ ಅವರ ಪುಟ್ಟ ತಂಗಿ ಹಿತ್ತಲ ಬಾವಿಯಲ್ಲಿ ಬಿದ್ದು ತೀರಿಕೊಂಡಿತ್ತು. ಅಂದು ಅಂಗಳದಲ್ಲಿ ಕೂಸಿನ ಜೊತೆ ಆಡುತ್ತಿದ್ದವರು ಅವರೇ. ದೊಡ್ಡವರಾಗಿ ಕಾಳಿನ ಅಂಗಡಿ ಇಟ್ಟು ಕೈಗೆ ನಾಲ್ಕು ಕಾಸು ಬಂದಾಗ ಅವರು ಮಾಡಿದ ಮೊದಲ ಕೆಲಸ ಆ ಬಾವಿಯ ಬಾಯಿಗೆ ಕಲ್ಲು ಹಾಸಿಸಿ ಮುಚ್ಚಿಸಿದ್ದು. ನನ್ನ ಮಗಳೂ ಹುಟ್ಟು ಪುಕ್ಕಲಿ. ಮಕ್ಕಳನ್ನು ನೀರಿಗೆ ಬಿಡಬೇಡವೆಂದು ಗಂಡ ಹೇಳಿದ್ದು ಆಕೆಗೆ ಅನುಕೂಲವೇ ಆಯಿತು. 'ಯವ್ವಾ, ಮೆಟ್ಟಲದ ಮ್ಯಾಲ ಕುಂದ್ರಸು, ಕೆಳಗ ಬಿಡಬ್ಯಾಡ' ಎಂದು ಪ್ರತಿ ಬೆಳಿಗ್ಗೆಯೂ ಬಾಗಿಲತನಕ ಬಂದು ಹೇಳುತ್ತಿದ್ದಳು.

ಮೊಮ್ಮಗಳು ಹಾಗೆಯೇ ಮೇಲಿನ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಕೂತವಳು ಸುಮ್ಮನೆ ಕೂರಲಿಲ್ಲ. ಒಂದು ದಿನ ನೋಡುತ್ತೇನೆ, ಕಾದ ಕಲ್ಲಿನ ಮೇಲೆ ಹೊಟ್ಟೆಯೂರಿ ಮಲಗಿ, ಹುಡುಗರನ್ನು ನೋಡಿ ನೋಡಿ ಕೈಕಾಲು ಬಡಿಯುತ್ತಿದ್ದಾಳೆ. ಮೊಣಕೈ ತರಚಿ ಕೆಂಪಾಗಿದೆ.

'ಲೇ, ಇಕಿ ಕಲ್ಲಿನಾಗ ಈಸಾಕತ್ತಾಳ ನೋಡಲೇ' ಎಂದು ದೊಡ್ಡ ಹುಡುಗ ನೀರಿನಿಂದ ಕೂಗಿದ.

'ನಿಮಗಿಂತ ಛಂದ ಈಸ್ತೀನಿ. ನೀವು ಎಮ್ಮಿ ಬಿದ್ದಂಗ ಬೀಳ್ತೀರಿ' ಎಂದಳು ಇವಳು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, 'ಆಯಿ, ನೀ ಖರೇನ ನಿಜಾಮನ ದೇಶಕ್ಕ ಈಸಿ ಹೋಗಿದ್ದೇನು?' ಎಂದು ಕೇಳಿದಳು.

ಅವರಪ್ಪನಿಗೆ ಹೇಳದೆ ಇಳಿಸಬಹುದಾಗಿತ್ತು. ಹಾಗೆ ಮಾಡಿದರೆ ಕೂಸು ಈಸುವುದರ ಜೊತೆಗೆ ಅಪ್ಪನಿಂದ ಮುಚ್ಚಿಡುವುದನ್ನೂ ಕಲಿಯುತ್ತಿತ್ತು. ಅದು ನನಗೆ ಬೇಡವಾಗಿತ್ತು. ಅಳಿಯ ಕರೆದೊಯ್ಯಲು ಬರುವತನಕ ಕಾದೆ.

ನಮ್ಮಲ್ಲಿ ಅತ್ತೆಯಾದವಳು ಅಳಿಯನ ಎದುರು ನಿಂತು ಮಾತಾಡುವುದಿಲ್ಲ. ಮಗಳ ಮದುವೆಯಾಗಿ ಇಷ್ಟು ವರ್ಷವಾದರೂ ನಾನು ತಲೆಯ ಮೇಲೆ ಸೆರಗು ಹೊದ್ದು ಬಾಗಿಲ ಮರೆಯಿಂದಲೇ 'ಊಟಕ್ಕ ಏಳ್ರಿ ಅನ್ನು' ಎಂದು ಮಗಳ ಕೈಯಲ್ಲಿ ಹೇಳಿಸುತ್ತಿದ್ದೆ. ಅವರು ಬಂದ ದಿನ ಪಡಸಾಲೆಯಲ್ಲಿ ಕುಳಿತು ಬಶಿಯಲ್ಲಿ ಚಹಾ ಆರಿಸುತ್ತಿದ್ದರು. ನಾನು ಹೊಸ್ತಿಲು ದಾಟಿ ಅವರ ಎದುರಿಗೆ ಬಂದು ನಿಂತೆ. ಮಗಳು ಕಣ್ಣು ಅಗಲಿಸಿ ನೋಡಿದಳು.

'ಕೂಸಿಗೆ ಈಸು ಕಲಸ್ತೀನ್ರಿ. ನೀವು ಹೂಂ ಅಂದ್ರ.'

ಅವರು ಬಶಿಯನ್ನು ಕೆಳಗಿಟ್ಟರು. 'ನಮ್ಮ ಮನ್ಯಾಗ ನೀರಿನ ಸುದ್ದಿ ತಗಿಯೂದಿಲ್ರಿ, ಅತ್ತಿಯವರ. ನಿಮಗ ಗೊತ್ತೈತಿ.'

'ಗೊತ್ತೈತ್ರಿ. ಅದಕ್ಕ ಕೇಳಾಕತ್ತೇನಿ. ಹಿತ್ತಲ ಬಾವಿ ಮುಚ್ಚಿಸಿದ್ರಿ. ಊರ ಕೆರಿ, ಹಳ್ಳ ಮುಚ್ಚಾಕ ಆಗ್ತೈತೇನ್ರಿ?'

'ಹೆಣ್ಣ ಹುಡುಗಿ, ಈಸು ಕಲತು ಏನ ಮಾಡ್ತಾಳ?'

'ಬಿದ್ದ್ರ ತಾನ ಮ್ಯಾಲ ಬರ್ತಾಳ.'

ನಮ್ಮ ಮನೆಯವರು ಎಲೆಗೆ ಸುಣ್ಣ ಹಚ್ಚುತ್ತ, 'ನಿಮ್ಮ ಅತ್ತಿ ಹೊಳಿಯಾಗಿನ ಮೀನ್ರಿ. ನಾ ಹೆಣ್ಣ ನೋಡಾಕ ಹೋದಾಗ ಇಕಿ ತಲಿಗೂದಲಿನ್ನೂ ಹಸೀ ಇತ್ತು' ಎಂದರು.

ಆಗ ನಾನು ನನ್ನ ತವರಿನ ಪದ್ಧತಿ ಹೇಳಿದೆ. ಕಲಿಯುವ ಮಗುವಿನ ಬೆನ್ನಿಗೆ ಬೆಂಡು ಕಟ್ಟುತ್ತೇವೆ. ಬೆಂಡು ಎಂದರೆ ಒಣಗಿದ ಕತ್ತಾಳೆಯ ಹೂದಂಟಿನ ತುಂಡು, ಹತ್ತಿಯಂತೆ ಹಗುರ. ಸೊಂಟಕ್ಕೆ ಹಗ್ಗ. ಆ ಹಗ್ಗದ ತುದಿಯನ್ನು ಚೆನ್ನಾಗಿ ಈಸುವವರಿಗೆ ಕೊಡುವುದಿಲ್ಲ. ಆ ಮಗುವಿನ ಬಗ್ಗೆ ಎಲ್ಲರಿಗಿಂತ ಹೆಚ್ಚು ಅಂಜಿಕೆ ಯಾರಿಗಿದೆಯೋ ಅವರಿಗೆ ಕೊಡುತ್ತೇವೆ. ದಿನಾ ಬೆಂಡನ್ನು ಸ್ವಲ್ಪ ಸ್ವಲ್ಪ ಕೆತ್ತಿ ಸಣ್ಣದು ಮಾಡುವವರೂ ಅವರೇ. ಅವರ ಮನಸ್ಸು ಒಪ್ಪಿದಷ್ಟೇ ಕೆತ್ತಬೇಕು.

'ಹಗ್ಗ ನೀವ ಹಿಡೀಬೇಕ್ರಿ' ಎಂದೆ.

'ನನ್ನ ಕೈ ನಡಗ್ತಾವ್ರಿ.'

'ನಡಗ್ಲಿ. ಅಂಜಿಕಿ ಇಲ್ಲದವ ಬೀಡಿ ಹಚ್ಚಾಕ ಹಗ್ಗ ಬಿಡ್ತಾನ.'

'ನನ್ನ ಮ್ಯಾಲ ಯಾಕ ಬರ್ತಿ?' ಎಂದರು ನಮ್ಮ ಮನೆಯವರು, ಕಿಸೆಯ ಬೀಡಿ ಕಟ್ಟು ಮುಟ್ಟಿಕೊಂಡು.

ಅಳಿಯ ಎದ್ದು ಹೊರಗೆ ಹೋದರು. ಮಗಳು ನನ್ನ ಮೇಲೆ ಸಿಟ್ಟಾಗಿ ರೊಟ್ಟಿ ಬಡಿಯುವಾಗ ಹಂಚನ್ನೇ ಬಡಿಯುತ್ತಿದ್ದಳು. ಮರುದಿನ ಬೆಳಿಗ್ಗೆ ಗಾಡಿ ಹೂಡಿದಾಗ ನೋಡಿದರೆ ಎಲ್ಲರಿಗಿಂತ ಮೊದಲು ಗಾಡಿಯಲ್ಲಿ ಕುಳಿತವರು ಅವರು. ತೊಡೆಯ ಮೇಲೆ ಹಗ್ಗದ ಸಿಂಬೆ.

ನಾನು ಸೀರೆಗೆ ಕಚ್ಚೆ ಹಾಕಿ ನೀರಿಗಿಳಿದೆ. ತಲೆಯ ಮೇಲಿನ ಸೆರಗು ಹಿಂದೆ ತೇಲುತ್ತಿತ್ತು. ಅಳಿಯನ ಎದುರು ಹೀಗೆ ನಿಲ್ಲುವ ಕಾಲ ಬಂದೀತೆಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಅವರು ನನ್ನ ಕಡೆ ನೋಡುವ ಸ್ಥಿತಿಯಲ್ಲೂ ಇರಲಿಲ್ಲ. ಹಗ್ಗವನ್ನು ಮುಂಗೈಗೆ ಸುತ್ತಿ, ಮೇಲೆ ಬೇವಿನ ಗಿಡದ ಬೊಡ್ಡೆಗೆ ಕಾಲು ಒತ್ತಿ ಕುಳಿತಿದ್ದರು. ಅಲ್ಲಿಂದ ನೀರು ಕಾಣುವುದಿಲ್ಲ. ಕೂಸು ಒಂದು ಮೊಳ ಮುಂದೆ ಹೋದರೆ ಹಗ್ಗ ಬಿಗಿಯುತ್ತಿತ್ತು.

'ಆಯಿ, ಅಪ್ಪ ನನ್ನ ಕೊಡದಂಗ ಸೇದಾಕತ್ತಾನ' ಎಂದು ಕೂಸು ದೂರು ಹೇಳಿತು.

ಅಂದು ಬುತ್ತಿ ಉಂಡಾದ ಮೇಲೆ ಅವರ ಕೈಗೆ ಕುಡುಗೋಲು, ಬೆಂಡು ಕೊಟ್ಟೆ. ಬಹಳ ಹೊತ್ತು ತಿರುವಿ ತಿರುವಿ ನೋಡಿ ಉಗುರಿನಷ್ಟು ಕೆತ್ತಿದರು. ಹುಡುಗರು ಬಿದ್ದು ಬಿದ್ದು ನಕ್ಕರು. 'ಹಿಂಗ ಕೆತ್ತಿದ್ರ ಕೂಸು ಮೊಮ್ಮಕ್ಕಳನ್ನ ಕಂಡ ಮ್ಯಾಲ ಈಸು ಕಲೀತೈತ್ರಿ' ಎಂದರು ನಮ್ಮ ಮನೆಯವರು. ಅಳಿಯನೂ ನಕ್ಕರು. ಆ ಬಾವಿಯ ಹತ್ತಿರ ಅವರು ನಕ್ಕದ್ದು ಅದೇ ಮೊದಲು.

ಅಂಗಡಿ ನೋಡಿಕೊಳ್ಳುವಂತೆ ಊರಲ್ಲಿದ್ದ ತಮ್ಮ ಅಣ್ಣನಿಗೆ ಖಬರ ಕಳಿಸಿ ಅಳಿಯ ಉಳಿದರು. ಮರುದಿನ ಬೇವಿನ ಗಿಡ ಬಿಟ್ಟು ಬಾವಿಯ ಅಂಚಿಗೆ ಬಂದರು. ಆಮೇಲೆ ಮೇಲಿನ ಮೆಟ್ಟಿಲು. ಆಮೇಲೆ ಅದರ ಕೆಳಗಿನದು. ಹಗ್ಗ ಸಡಿಲಾದಂತೆ ಕೂಸಿನ ಕೈಕಾಲು ತೆರೆದುಕೊಂಡವು. ಕಲ್ಲಿನ ಮೇಲೆ ಕಲಿತದ್ದು ಸುಳ್ಳಾಗಿರಲಿಲ್ಲ. ಕಾಲು ಬಡಿಯುವುದನ್ನು ನಾನು ಹೇಳಿಕೊಡಬೇಕಾಗಲೇ ಇಲ್ಲ. ನಡುವೆ ಒಂದು ದಿನ ಎಲ್ಲರೂ ಗಾಡಿ ಕಟ್ಟಿಕೊಂಡು ಡೋಣಿ ಊರಿನ ಕಡೆಯ ಗುಡ್ಡಕ್ಕೆ ಕವಳಿಹಣ್ಣು ತಿನ್ನಲು ಹೋದೆವು. ತುಟಿಯೆಲ್ಲ ಕಪ್ಪು ಮಾಡಿಕೊಂಡ ಮೊಮ್ಮಗಳು ಒಂದು ಬೊಗಸೆ ಹಣ್ಣನ್ನು ತಿನ್ನದೆ ಲಂಗದ ತುದಿಯಲ್ಲಿ ಕಟ್ಟಿ ತಂದು ಅಪ್ಪನಿಗೆ ಕೊಟ್ಟು, 'ನಾಳೆ ಬೆಂಡು ಜರಾ ಜಾಸ್ತಿ ಕೆತ್ತು' ಎಂದಳು. ಲಂಚ ಕೊಡುವುದನ್ನು ಯಾರು ಕಲಿಸಿದರೋ ಕಾಣೆ. ಅಪ್ಪ ಹಣ್ಣು ತಿಂದರು, ಮರುದಿನ ಎರಡು ಬೆರಳಿನಷ್ಟು ಕೆತ್ತಿದರು.

ಕೊನೆಗೆ ಬೆಂಡು ಬೆಲ್ಲದ ಹೆಂಟೆಯಷ್ಟು ಉಳಿಯಿತು. ಅಂದು ಬೆಳಿಗ್ಗೆ ಕೂಸಿನ ಬೆನ್ನಿಗೆ ಅದನ್ನು ಕಟ್ಟಲು ಹೋದೆ. ಅಳಿಯ ಕೈ ಚಾಚಿ ಅದನ್ನು ತೆಗೆದುಕೊಂಡರು. ಕೆತ್ತುತ್ತಾರೆಂದು ಕುಡುಗೋಲು ಕೊಟ್ಟೆ. ಅವರು ಬೆಂಡನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು.

'ಇವತ್ತ ಇದು ಬ್ಯಾಡ್ರಿ' ಎಂದರು. ಮುಖ ಬೆವೆತಿತ್ತು.

ಅಂದು ನಮ್ಮ ಜೊತೆ ಬಂದು ಮೇಲೆ ನಿಂತಿದ್ದ ಮಗಳು ಕಣ್ಣು ಮುಚ್ಚಿಕೊಂಡಳು. ಕೂಸು ನೀರಿಗೆ ಬಿತ್ತು. ಒಮ್ಮೆ ಮುಳುಗಿತು. ನಾನು ಕೈ ಚಾಚಲಿಲ್ಲ, ಅಳಿಯನೂ ಹಗ್ಗ ಎಳೆಯಲಿಲ್ಲ. ಆ ಒಂದು ಗಳಿಗೆಯಲ್ಲಿ ಅವರು ಎಳೆಯದೆ ಇದ್ದದ್ದು ನನ್ನ ಮಟ್ಟಿಗೆ ದೊಡ್ಡ ಮಾತು. ಕೂಸು ಮೇಲೆ ಬಂತು, ಮೂಗಿನ ನೀರು ಊದಿತು, ಕೈ ಹಾಕಿತು. ಎದುರಿನ ಗೋಡೆಯತನಕ ಹೋಗಿ ಅಂಗೈಯಿಂದ ಕಲ್ಲನ್ನು ಬಡಿದು, 'ಆಯಿ, ನಿಜಾಮನ ದಂಡಿ ಮುಟ್ಟಿದ್ನಿ' ಎಂದು ಕೂಗಿತು. ಬಾವಿ ತುಂಬ ಆ ಮಾತೇ.

ತಿರುಗಿ ಬರುವಾಗ ಹಗ್ಗ ನೀರಿನ ಮೇಲೆ ಸುಮ್ಮನೆ ತೇಲುತ್ತಿತ್ತು. ಕೂಸನ್ನು ಎತ್ತಿಕೊಳ್ಳಲು ಅಳಿಯ ಕೆಳಗೆ ಇಳಿದರು, ಇನ್ನೂ ಇಳಿದರು. ಧೋತರ ನೆನೆದು ಸೊಂಟದತನಕ ನೀರು ಬಂದದ್ದು ಅವರಿಗೆ ತಿಳಿಯಲೇ ಇಲ್ಲ. ತಿಳಿದಾಗ ಮೇಲೆ ಹತ್ತಲಿಲ್ಲ. ಕೂಸನ್ನು ಅವಚಿಕೊಂಡು ಅಲ್ಲೇ ನಿಂತು, ಒಂದು ಬೊಗಸೆ ನೀರು ತೆಗೆದು ಮುಖ ತೊಳೆದುಕೊಂಡರು. ಮುಖ ತೊಳೆದದ್ದೋ, ಮತ್ತೇನೋ. ನಾನು ಆ ಕಡೆ ನೋಡಲಿಲ್ಲ.

ಮುಂದಿನ ಬೇಸಿಗೆಗೆ ಸಣ್ಣವನ ಸರದಿ. ಅಳಿಯ ತಾವೇ ಹೊಸ ಕತ್ತಾಳೆಯ ಬೆಂಡು ಹಿಡಿದುಕೊಂಡು ಬಂದರು. ನಾನು ಹಗ್ಗವನ್ನು ಅವರ ಕಡೆ ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ. ಮೇಲಿನ ಮೆಟ್ಟಿಲ ಮೇಲೆ ಸೆರಗಿನ ಚುಂಗು ಕಚ್ಚಿಕೊಂಡು ನಿಂತಿದ್ದ ಹೆಂಡತಿಯನ್ನು ತೋರಿಸಿದರು.

'ಈ ಸಲ ಇಕಿಗೆ ಕೊಡ್ರಿ, ಅತ್ತಿಯವರ. ಈಗ ನನಗಿಂತ ಇಕೀನ ಹೆಚ್ಚು ಅಂಜ್ತಾಳ.'

ಮಗಳು ಬಯ್ಯುತ್ತಲೇ ಬಂದು ಹಗ್ಗ ಹಿಡಿದಳು. ನೀರಿನಲ್ಲಿ ತಮ್ಮನಿಗಾಗಿ ಕೈ ಚಾಚಿ ನಿಂತವಳು ನನ್ನ ಮೊಮ್ಮಗಳು. ನಾನು ದಂಡೆಯ ಮೇಲೆ ಒಣ ಸೀರೆಯಲ್ಲಿ ಕುಳಿತಿದ್ದೆ.